ಹರಾಜಿನ ಲ್ಯಾಂಟಿ ಸುಮ್ಮನೆ ಕೂತದ್ದು

ಲ್ಯಾಂಟಿ ಡಿನ್ಸ್‌ಡೇಲನ ಗಂಟಲು ಕೆಟ್ಟ ವರ್ಷ ನಮ್ಮ ಸ್ಕೆಲ್‌ಬೆಕ್ ಕಣಿವೆಯಲ್ಲಿ ಹಳ್ಳ ಹರಿಯುವ ಸದ್ದು ಮೊದಲ ಸಲ ಕೇಳಿಸಿತು ಎಂದು ಜನ ಆಡಿಕೊಳ್ಳುತ್ತಿದ್ದರು. ಕುರಿ ಸಂತೆಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಕಟಕಟೆ ಹತ್ತಿ ಒಂದು ಟಗರನ್ನು ಹೊಗಳಲು ಶುರುಮಾಡಿದನೆಂದರೆ ಆ ಟಗರಿಗೇ ನಾಚಿಕೆಯಾಗಬೇಕು. ಕಟಕಟೆಯಿಂದ ಇಳಿದ ಮೇಲೂ ಆ ಬಾಯಿಗೆ ಬಿಡುವಿರಲಿಲ್ಲ. ಅಂಚೆಯವನನ್ನು ನಿಲ್ಲಿಸಿ ಮಾತು, ಹಾಲಿನವನನ್ನು ಹಿಡಿದು ಮಾತು. ಕೆಟ್ಟ ಮನುಷ್ಯನಲ್ಲ, ನಗಿಸುತ್ತಿದ್ದ. ಆದರೆ ಅವನೆದುರು ನಿಂತವರಿಗೆ ಒಂದು ವಾಕ್ಯ ಪೂರ್ತಿ ಮಾಡುವ ಅವಕಾಶ ಸಿಕ್ಕಿದ್ದು ನಾನು ನೋಡಿಲ್ಲ.

ಅವನ ಹೆಂಡತಿ ಡಾರ್ಕಸ್ ನನ್ನ ನೆರೆಯವಳು, ನಮ್ಮವಳು. ನಮ್ಮವಳು ಅಂದರೆ ಕ್ವೇಕರಳು; ಕ್ರೈಸ್ತರಲ್ಲೇ ಒಂದು ಸಣ್ಣ ಪಂಗಡ ನಮ್ಮದು. ಪಾದ್ರಿಯಿಲ್ಲ, ಹಾಡಿಲ್ಲ, ಗಂಟೆಯಿಲ್ಲ. ಭಾನುವಾರ ಬೆಳಗ್ಗೆ ಸಭಾಮನೆಯ ಬೆಂಚುಗಳ ಮೇಲೆ ಒಂದು ಗಂಟೆ ಸುಮ್ಮನೆ ಕೂರುತ್ತೇವೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಆಡುತ್ತಾರೆ. ಬರದಿದ್ದರೆ ಮೌನವೇ ಪೂಜೆ. ಒಲೆ ಹೊತ್ತಿಸುವುದು, ಕೊನೆಗೆ ಟೀ ಕಾಯಿಸುವುದು ನನ್ನ ಪಾಲಿನ ಕೆಲಸ.

ಲ್ಯಾಂಟಿ ಮದುವೆಯಾದಾಗಿನಿಂದ ಪ್ರತಿ ಭಾನುವಾರ ಡಾರ್ಕಸಳನ್ನು ವ್ಯಾನಿನಲ್ಲಿ ತಂದು ಬಾಗಿಲಲ್ಲಿ ಇಳಿಸಿ, ತಾನು ಹೊರಗಿನ ಕಲ್ಲುಗೋಡೆಗೆ ಒರಗಿ ನಿಲ್ಲುತ್ತಿದ್ದ. ದಾರಿಯಲ್ಲಿ ಹೋಗುವವರ ಜೊತೆ ಹರಟುತ್ತಿದ್ದ. ಯಾರೂ ಸಿಗದ ದಿನ ನಾಯಿಯ ಜೊತೆ. ಒಳಗೆ ದೇವರ ದನಿಗಾಗಿ ಕಾಯುತ್ತ ಕೂತ ನಮಗೆ ಯಾರ ಹುಲ್ಲು ನೆನೆಯಿತು, ಯಾರ ಹಸು ಈಯಿತು ಎಂಬುದೆಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಒಳಗೆ ಬಾರಪ್ಪ, ಚಳಿ" ಎಂದು ನಾನು ಕರೆದರೆ, "ಬೇಡ ನವೋಮಿ, ನಾನು ಬಂದ್ರೆ ನಿಮ್ಮ ದೇವ್ರೇ ಎದ್ದು ಹೊರಗೆ ಹೋಗ್ತಾನೆ. ಆಮೇಲೆ ಇಬ್ರೂ ಗೋಡೆ ಹತ್ರ ನಿಂತ್ಕೊಬೇಕಾಗುತ್ತೆ" ಎನ್ನುತ್ತಿದ್ದ.

ಆ ವರ್ಷ ಶರತ್ಕಾಲದ ಕುರಿ ಸಂತೆಗಳು ಮುಗಿಯುವ ಹೊತ್ತಿಗೆ ಅವನ ದನಿ ತುಕ್ಕು ಹಿಡಿದ ಗೇಟಿನಂತಾಯಿತು. ಆಸ್ಪತ್ರೆಗೆ ಹೋದ. ಗಂಟಲಲ್ಲಿ ಸಣ್ಣ ಗಂಟು, ಕೆಟ್ಟದ್ದಲ್ಲ. ತೆಗೆದರು. ಆದರೆ ಡಾಕ್ಟರು ಮನೆಗೆ ಕಳಿಸುವಾಗ ಹೇಳಿದರಂತೆ: "ಕ್ರಿಸ್‌ಮಸ್ ತನಕ ಒಂದು ಮಾತೂ ಆಡಬಾರದು. ಪಿಸುಗುಟ್ಟಲೂಬಾರದು. ಆಡಿದಿರೋ, ಮುಂದೆ ಯಾವತ್ತೂ ಹರಾಜು ಕೂಗುವ ಹಾಗಿಲ್ಲ."

ಡಾರ್ಕಸ್ ಇದನ್ನು ನನಗೆ ಹೇಳುವಾಗ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. "ನವೋಮಿ, ಇವ್ನು ನಿದ್ದೇಲೂ ಮಾತಾಡ್ತಾನೆ ಕಣೇ. ರಾತ್ರಿ ಹೆಂಗೆ ಕಾಯ್ಲಿ?"

ಶಾಲೆ ಮಕ್ಕಳ ಸ್ಲೇಟೊಂದನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು ಲ್ಯಾಂಟಿ ಓಡಾಡತೊಡಗಿದ. ಜನ ಅವನಿಗೆ ಕಿವಿಯೂ ಕೇಳುವುದಿಲ್ಲವೇನೋ ಎಂಬಂತೆ ಕೂಗಿ ಕೂಗಿ ಮಾತಾಡಿಸುತ್ತಿದ್ದರು. 'ಕರಿ ಟಗರು' ಪಬ್ಬಿನಲ್ಲಂತೂ ಹಬ್ಬ. ಎಷ್ಟೋ ವರ್ಷದಿಂದ ಅವನ ಬಾಯಿಗೆ ಸಿಕ್ಕವರೆಲ್ಲ ಈಗ ಸರದಿಯ ಮೇಲೆ ನಿಂತರು.

ಪಬ್ಬಿನ ಯಜಮಾನ ನೆಡ್ ಕೋಟ್ಸ್ ಶುರುಮಾಡುವನು. "ಲ್ಯಾಂಟಿ, ಹೋದ್ ವರ್ಷ ನೀನು ನಂಗೆ ಮಾರಿದ್ದು ಟಗರಲ್ಲ ಕಣೋ, ಮೇಕೆಗೆ ಉಣ್ಣೆ ಅಂಟ್ಸಿದ್ದು. ಅಲ್ಲ ಅನ್ನು ನೋಡಾಣ!"

ಲ್ಯಾಂಟಿ ಮುಖ ಕೆಂಪಾಗಿ ಸ್ಲೇಟು ಎತ್ತಿ ಗೀಚುವಷ್ಟರಲ್ಲಿ ಮಾತು ಟಗರಿನಿಂದ ಫುಟ್ಬಾಲಿಗೆ ಹೋಗಿ, ಫುಟ್ಬಾಲಿನಿಂದ ಹವಾಮಾನಕ್ಕೆ ಬಂದಿರುತ್ತಿತ್ತು. ಅವನು ಎತ್ತಿ ಹಿಡಿದ ಉತ್ತರವನ್ನು ಓದುವವರಿರಲಿಲ್ಲ. ಕೆಲವು ದಿನಗಳಲ್ಲಿ ಪಬ್ಬಿಗೆ ಹೋಗುವುದನ್ನೇ ಬಿಟ್ಟ. ಮನೆಯಲ್ಲಿ ಕಿಟಕಿಯಿಂದ ಕಿಟಕಿಗೆ ತಿರುಗಿದ. ಕೊನೆಗೆ ಡಾರ್ಕಸ್, "ಭಾನುವಾರ ನನ್ ಜೊತೆ ಒಳಗೆ ಬಂದು ಕೂತ್ಕೊ. ನೀನು ಮಾತಾಡ್ದೆ ಇರೋದನ್ನ ಯಾರೂ ಗಮನಿಸದೆ ಇರೋ ಜಾಗ ಅಂದ್ರೆ ಈ ಕಣಿವೇಲಿ ಅದೊಂದೇ" ಎಂದಳು.

ಬಂದ. ನಾವು ಹದಿನಾಲ್ಕು ಹದಿನೈದು ಜನ ಇದ್ದೆವು. ಲ್ಯಾಂಟಿ ಹೆಂಡತಿಯ ಪಕ್ಕದಲ್ಲಿ ಕೂತು ಟೋಪಿ ತೊಡೆಯ ಮೇಲಿಟ್ಟ. ಟೋಪಿ ನೆಲಕ್ಕಿಟ್ಟ. ಮತ್ತೆ ಎತ್ತಿಕೊಂಡ. ಕಾಲ ಮೇಲೆ ಕಾಲು ಹಾಕಿದ, ತೆಗೆದ. ನನ್ನ ಒಲೆಯಲ್ಲಿ ಕೊರಡೊಂದು ಚಟ್ಟೆಂದರೆ ಸಾಕು, ಯಾರೋ ಹೆಸರು ಹಿಡಿದು ಕರೆದಂತೆ ತಿರುಗುತ್ತಿದ್ದ. ಆಮೇಲೆ ಇದ್ದಕ್ಕಿದ್ದಂತೆ, ಎಲ್ಲರ ಹಲ್ಲು ಜುಮ್ಮೆನ್ನುವ ಹಾಗೆ, ಕೀ...ಚ್ ಎಂದು ಬಳಪದ ಸದ್ದು. ಸ್ಲೇಟಿನ ಮೇಲೆ ಬರೆದು ಹೆಂಡತಿಯ ಮೂಗಿನ ಕೆಳಗೆ ಹಿಡಿದಿದ್ದ: "ಇನ್ನೂ ಎಷ್ಟು ಹೊತ್ತು?"

ಡಾರ್ಕಸ್ ತೋಳಿನಿಂದ ಅದನ್ನು ಒರೆಸಿ, ಬಳಪ ಕಿತ್ತುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ಎದುರಿನ ಬೆಂಚಿನಲ್ಲಿದ್ದ ನಮ್ಮ ಹಿರಿಯ ಏಮೋಸ್ ಹಾರ್ಕರನ ಭುಜ ಅಲುಗುತ್ತಿತ್ತು. ಎಂಬತ್ತು ದಾಟಿದ ಮುದುಕ ಮೌನದಲ್ಲಿ ನಗುವನ್ನು ನುಂಗುವುದು ಎಷ್ಟು ಕಷ್ಟವೆಂದು ಆವತ್ತು ತಿಳಿಯಿತು. ಕೊನೆಗೆ ಏಮೋಸ್ ಪಕ್ಕದವರ ಕೈಕುಲುಕಿದ. ಹಾಗೆ ಕೈಕುಲುಕಿದರೆ ಸಭೆ ಮುಗಿಯಿತೆಂದು ಅರ್ಥ.

ಟೀ ಹೊತ್ತಿಗೆ ಬಳಪ ವಾಪಸು ಸಿಕ್ಕಿತು. ಲ್ಯಾಂಟಿ ಬರೆದ: "ಸಂತೇಲಿ ತಲೆ ಆಡಿಸಿದ್ರೆ ಕೊಂಡ ಹಾಗೆ. ಏಮೋಸ್ ತೂಕಡಿಸಿ ತೂಕಡಿಸಿ ಒಂದು ಮಂದೆ ಕುರಿ ಕೊಂಡಿದ್ದಾನೆ." ಎಲ್ಲರೂ ನಕ್ಕೆವು. ಆಮೇಲೆ ಒರೆಸಿ ಇನ್ನೊಂದು ಬರೆದ: "ನಿಜ ಹೇಳಿ. ಒಳಗೆ ಕೂತು ಏನು ಮಾಡ್ತೀರಿ?"

ಇದನ್ನು ಯಾರೂ ನಮ್ಮನ್ನು ಕೇಳಿರಲಿಲ್ಲ. ನಾವೂ ಒಬ್ಬರನ್ನೊಬ್ಬರು ಕೇಳಿಕೊಂಡಿರಲಿಲ್ಲ. ಒಂದೇ ಬೆಂಚಿನಲ್ಲಿ ವರ್ಷಗಟ್ಟಲೆ ಪಕ್ಕಪಕ್ಕ ಕೂತಿದ್ದೇವೆ. ಪಕ್ಕದವರ ಮೌನದಲ್ಲಿ ಏನಿದೆ ಎಂದು ಕೇಳುವುದು ಸಭ್ಯತೆಯಲ್ಲ ಅನ್ನಿಸುತ್ತಿತ್ತು. ಆದರೆ ಕೇಳಿದವನು ಮಾತಾಡಲಾಗದ ಲ್ಯಾಂಟಿ. ಉತ್ತರ ಕೊಡದೆ ಇರಲು ಮನಸ್ಸಾಗಲಿಲ್ಲ.

ಏಮೋಸ್ ಹೇಳಿದ: "ನಾನು ಅರವತ್ತು ವರ್ಷದಿಂದ ಕೂರ್ತಾ ಇದೀನಿ ಕಣಯ್ಯ. ದೇವ್ರು ಬಂದ ಅಂತ ಖಂಡಿತ ಅನ್ಸಿದ್ದು ನಾಕೈದು ಸಲ. ಉಳಿದ ದಿನ ಯಾಕೆ ಬರ್ತೀನಿ ಅಂದ್ರೆ, ನಾನು ಇಲ್ದೆ ಇರೋ ದಿನಾನೇ ಬಂದ್ಬಿಟ್ರೆ?"

ನಾನು ಇದ್ದದ್ದನ್ನೇ ಹೇಳಿದೆ. ಮೊದಲು ಒಲೆಯ ಯೋಚನೆ, ಆಮೇಲೆ ಮನೆಯ ಒಲೆಯಲ್ಲಿ ಬ್ರೆಡ್ಡು ಬಿಟ್ಟು ಬಂದೆನೇ ಎಂಬ ಯೋಚನೆ, ಆಮೇಲೆ ಸತ್ತುಹೋದ ಅಮ್ಮ ಹಿಟ್ಟು ನಾದುತ್ತಿದ್ದ ಕೈ, ಅಲ್ಲಿಂದ ಎಲ್ಲಿಗೋ. ಆ ಎಲ್ಲಿಗೋ ಎಂಬುದಕ್ಕೇ ನಾನು ಬರುವುದು.

ಡಾರ್ಕಸ್ ಗಂಡನನ್ನು ನೇರವಾಗಿ ನೋಡಿ, "ಮೊದಲರ್ಧ ಗಂಟೆ ನಿನ್ನನ್ನ ಬಯ್ತೀನಿ. ಆಮೇಲೆ ಬಯ್ಗುಳ ಖಾಲಿಯಾಗುತ್ತೆ. ಅಲ್ಲಿಂದ ಚೆನ್ನಾಗಿರುತ್ತೆ" ಎಂದಳು.

ಅವಳ ತಮ್ಮ ಟೈಟಸ್ ಹಿಂದೆ ನಿಂತಿದ್ದ. ಬೆಟ್ಟದ ಮೇಲಿನ ಮನೆಯಲ್ಲಿ ಒಬ್ಬನೇ ಕುರಿ ಸಾಕಿಕೊಂಡಿದ್ದವನು, ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಅವನಿಗೆ ಮಾತು ತೊದಲುತ್ತಿತ್ತು. ಆವತ್ತು ಅವನೂ ಬಾಯಿ ತೆರೆದ. "ನ... ನ... ನಂಗೆ... ಅ... ಅಲ್ಲಿ..."

ಲ್ಯಾಂಟಿಯ ಕೈ ತಾನಾಗಿಯೇ ಓಡಿತು. ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದು ಎತ್ತಿ ಹಿಡಿದ: "ನಿದ್ದೆ ಬರುತ್ತೆ!"

ಎಲ್ಲರೂ ನಕ್ಕರು. ಟೈಟಸನೂ ನಕ್ಕು, ಕಪ್ಪುಗಳನ್ನು ತೊಳೆಯಲು ಒಳಗೆ ಹೋದ. ಭಾವ ಭಾಮೈದರ ನಡುವೆ ಇದು ಯಾವತ್ತಿನ ಕ್ರಮ. ಟೈಟಸ್ ಶುರುಮಾಡುವುದು, ಲ್ಯಾಂಟಿ ಮುಗಿಸುವುದು. ಉಪಕಾರ ಮಾಡುತ್ತಿದ್ದೇನೆ ಎಂದೇ ಲ್ಯಾಂಟಿ ತಿಳಿದಿದ್ದ.

ಮುಂದಿನ ಭಾನುವಾರಗಳಲ್ಲೂ ಲ್ಯಾಂಟಿ ಬಂದ. ಟೋಪಿ ಒಂದು ಕಡೆ ಕೂತಿತು. ಬಳಪದ ಸದ್ದು ಬರಲಿಲ್ಲ. ಡಿಸೆಂಬರಿನ ಒಂದು ಬೆಳಗ್ಗೆ ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಿಟಕಿಗಳಿಗೆ ಬಿಳಿ ಬಟ್ಟೆ ಕಟ್ಟಿದಂತಿತ್ತು. ಅರ್ಧ ಹೊತ್ತು ಕಳೆದಿರಬಹುದು. ಟೈಟಸ್ ಎದ್ದು ನಿಂತ. ನಾನು ಒಲೆಯ ಕಡೆ ಬಗ್ಗಿದವಳು ಹಾಗೆಯೇ ಉಳಿದೆ. ಅವನು ಸಭೆಯಲ್ಲಿ ಎದ್ದದ್ದು ಅದೇ ಮೊದಲು.

"ಬೆ... ಬೆ..." ಎಂದ. ನಿಂತ. ಮತ್ತೆ "ಬೆ..."

ಲ್ಯಾಂಟಿಯ ಬಾಯಿ ಹಳೆಯ ಚಾಳಿಯಂತೆ ತೆರೆದುಕೊಂಡಿತು. ಕೈ ಸ್ಲೇಟು ಹುಡುಕಿತು. ಡಾರ್ಕಸ್ ಆ ಕೈಯ ಮೇಲೆ ತನ್ನ ಕೈಯಿಟ್ಟಳು. ಬಾಯಿ ಮುಚ್ಚಿಕೊಂಡಿತು. ನಾವೆಲ್ಲ ಕೂತಿದ್ದೆವು. ಕಾಯುವುದೇ ನಮ್ಮ ಕಸುಬಾದ ಮೇಲೆ, ಒಂದು ವಾಕ್ಯಕ್ಕೆ ಕಾಯುವುದೇನು ದೊಡ್ಡದು?

"ಬೆಟ್ಟದ ಮೇಲೆ ಇಂ... ಇಂಥ ಮಂಜು ಬಂದಾಗ," ಎಂದು ಟೈಟಸ್ ನಿಧಾನವಾಗಿ ಹೇಳಿದ, "ನಾನು ಕುರಿ ಹು... ಹುಡುಕ್ಕೊಂಡು ಹೋಗಲ್ಲ. ಹೋದ್ರೆ ಅವು ದೂರ ಸರೀತಾವೆ. ನಿಂ... ನಿಂತ್ಕೋತೀನಿ. ಸುಮ್ನೆ. ಸ್ವಲ್ಪ ಹೊತ್ತಿಗೆ ಒಂದು ಕೆ... ಕೆಮ್ಮುತ್ತೆ. ಅಲ್ಲೇ ಪಕ್ಕದಲ್ಲೇ. ಇ... ಇಲ್ಲೂ ನಂಗೆ ಹಂಗೇ."

ಕೂತ. ಆಮೇಲೆ ಬಂದ ಮೌನ ಬೇರೆಯೇ ಬಗೆಯದು. ಅದನ್ನು ವಿವರಿಸಲು ನನಗೆ ಬಾರದು. ಕೋಣೆ ದೊಡ್ಡದಾದಂತೆ, ನಾವು ಒಬ್ಬರಿಗೊಬ್ಬರು ಹತ್ತಿರ ಸರಿದಂತೆ. ಲ್ಯಾಂಟಿ ಕಣ್ಣು ಮುಚ್ಚಿದ್ದ. ಆವತ್ತು ಏಮೋಸ್ ಕೈಕುಲುಕಲು ಮರೆತು, ಗಂಟೆಯ ಮೇಲೆ ಕಾಲು ಗಂಟೆ ಕೂತೆವು.

ಟೀ ಮುಗಿದ ಮೇಲೆ ಕಪ್ಪು ತೊಳೆಯುವಲ್ಲಿ ನಾನು, ಟೈಟಸ್, ಒರೆಸುವ ಬಟ್ಟೆ ಹಿಡಿದ ಲ್ಯಾಂಟಿ ಮೂವರೇ ಇದ್ದೆವು. ಟೈಟಸನಿಗೆ ಧೈರ್ಯ ಬಂದಿತ್ತು. ನೊರೆಯಲ್ಲಿ ಕೈಯಾಡಿಸುತ್ತಲೇ, "ಭಾವ, ನಂಗೆ ಕೌ... ಕೌಬಾಯ್ ಕಥೆ ಅಂದ್ರೆ ಇಷ್ಟ ಇಲ್ಲ" ಎಂದ.

ಲ್ಯಾಂಟಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

ಟೈಟಸ್ ಬಿಡಿಸಿ ಹೇಳಿದ. ಲೈಬ್ರರಿಯ ಪುಸ್ತಕದ ವ್ಯಾನು ಹದಿನೈದು ದಿನಕ್ಕೊಮ್ಮೆ ನಮ್ಮ ಕಣಿವೆಗೆ ಬರುತ್ತದೆ. ಅದನ್ನು ಓಡಿಸಿಕೊಂಡು ಬರುವವಳು ಮೇಬಲ್ ಪ್ರೌಡ್‌ಲಾಕ್. ಆರು ವರ್ಷದ ಹಿಂದೆ ಒಂದು ದಿನ ಟೈಟಸ್ ಧೈರ್ಯ ಮಾಡಿ ಅವಳ ಮುಂದೆ ನಿಂತು "ನಂಗೆ... ನಿ... ನಿಮ್ಮ..." ಎನ್ನುತ್ತಿದ್ದಾಗ ಲ್ಯಾಂಟಿ ಆ ಕಡೆ ಹೋಗುತ್ತಿದ್ದನಂತೆ. ಕಿಟಕಿಯಿಂದ ತಲೆ ತೂರಿಸಿ, "ನಿಮ್ಮ ಹತ್ರ ಕೌಬಾಯ್ ಕಥೆ ಇದ್ರೆ ಕೊಡಿ ಅಂತಾನಮ್ಮ! ದಿನಾ ಕುರಿ ಕಾಯೋನಿಗೆ ಇನ್ನೇನು ಬೇಕು!" ಎಂದು ಮುಗಿಸಿ ಹೋದನಂತೆ. ಮೇಬಲ್ ಎರಡು ಕೊಟ್ಟಳು. ಅಲ್ಲಿಂದ ಪ್ರತಿ ಸಲ ಎರಡು ತೆಗೆದಿಡುತ್ತಿದ್ದಳು. ಬೇಡ ಎನ್ನುವುದು ಹೇಗೆಂದು ತಿಳಿಯದೆ ಟೈಟಸ್ ಆರು ವರ್ಷ ಕೌಬಾಯ್ ಪುಸ್ತಕ ಹೊತ್ತುಕೊಂಡು ಬೆಟ್ಟ ಹತ್ತಿದ್ದ.

"ಹಂಗಾದ್ರೆ ನೀನು ಕೇಳೋಕೆ ಹೋಗಿದ್ದೇನು?" ಎಂದು ನಾನೇ ಕೇಳಿದೆ.

"ನಿ... ನಿಮ್ಮ ಜೊತೆ ಒಂದಿನ ನಡ್ಕೊಂಡು ಹೋ... ಹೋಗ್ಬೌದಾ ಅಂತ."

ಲ್ಯಾಂಟಿ ಸ್ಲೇಟು ಎತ್ತಿದ. ಬರೆದ, ಒರೆಸಿದ. ಮತ್ತೆ ಬರೆದ, ಒರೆಸಿದ. ಕೊನೆಗೆ ಸ್ಲೇಟನ್ನು ಕುತ್ತಿಗೆಯಿಂದ ತೆಗೆದು ಪಕ್ಕಕ್ಕಿಟ್ಟು, ಭಾಮೈದನ ನೊರೆಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟ. ಆಮೇಲೆ ಅವನ ಹೊಟ್ಟೆ ಕುಣಿಯತೊಡಗಿತು. ಸದ್ದಿಲ್ಲದೆ ನಗುತ್ತಿದ್ದ, ಕಣ್ಣಲ್ಲಿ ನೀರು. ಟೈಟಸನೂ ನಕ್ಕ. ನಾನು ಒಂದು ಕಪ್ಪು ಒಡೆದೆ.

ಮುಂದಿನ ಸಲ ಪುಸ್ತಕದ ವ್ಯಾನು ಬಂದಾಗ ಟೈಟಸ್ ಒಬ್ಬನೇ ಹೋದ. ಲ್ಯಾಂಟಿಯನ್ನು ಡಾರ್ಕಸ್ ಮನೆಯೊಳಗೆ ಕೂರಿಸಿ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಆಲೂಗಡ್ಡೆ ಹೆರೆಯುತ್ತಿದ್ದಳು. ವ್ಯಾನಿನಲ್ಲಿ ನಡೆದದ್ದನ್ನು ಮೇಬಲ್ಲೇ ನನಗೆ ಎಷ್ಟೋ ದಿನದ ಮೇಲೆ ಹೇಳಿದಳು.

"ಬಂದು ನಿಂತ್ರು. ನಾನು ಪುಸ್ತಕ ತೆಗೆಯೋಕೆ ಹೋದೆ. ಬೇಡ ಅಂತ ತಲೆ ಆಡ್ಸಿದ್ರು. ಹಿಂದೆ ನಾಕು ಜನ ಕಾಯ್ತಾ ಇದ್ರು. ಅವ್ರು ಶುರು ಮಾಡಿದ್ರು ನೋಡಿ, ನಿಲ್ಲಿಸ್ಲಿಲ್ಲ. ಕೌಬಾಯ್ ಕಥೆ ಇಷ್ಟ ಇಲ್ಲ ಅನ್ನೋದ್ರಿಂದ ಹಿಡಿದು ಪೂರ್ತಿ ಕೇಳೋವರ್ಗೂ ಬಿಡ್ಲಿಲ್ಲ. ನಾನಂದೆ, 'ಆ ಪುಸ್ತಕಗಳು ಒಂದು ಹಾಳೆಯೂ ಮಡಿಸದೆ ವಾಪಸ್ ಬರ್ತಿದ್ವು. ಯಾರೂ ಇಷ್ಟು ಜೋಪಾನವಾಗಿ ಓದಲ್ಲ ಅಂದ್ಕೊತಿದ್ದೆ.' ಆಮೇಲೆ, 'ನಡ್ಕೊಂಡು ಎಲ್ಲಿಗೆ?' ಅಂತ ಕೇಳ್ದೆ. 'ಸ... ಸಭೆಗೆ' ಅಂದ್ರು."

ಹಾಗಾಗಿ ಅವರಿಬ್ಬರ ಮೊದಲ ತಿರುಗಾಟ ಬೆಟ್ಟದಿಂದ ಇಳಿದು ನಮ್ಮ ಸಭಾಮನೆಯ ತನಕ. ಮೇಬಲ್ ಕೆಸರಿನ ಬೂಟು ಬಾಗಿಲಲ್ಲಿ ಬಿಟ್ಟು ಬರೀ ಕಾಲುಚೀಲದಲ್ಲಿ ಒಲೆಯ ಪಕ್ಕ ಕೂತಳು. ನನ್ನ ಶುಂಠಿ ಕೇಕನ್ನು ಎರಡು ಸಲ ಹಾಕಿಸಿಕೊಂಡಳು. ಅಲ್ಲಿಗೇ ಅವಳು ನನಗೆ ಹಿಡಿಸಿದಳು.

ಕ್ರಿಸ್‌ಮಸ್ ಹಿಂದಿನ ವಾರ ಡಾಕ್ಟರು ಲ್ಯಾಂಟಿಯ ಗಂಟಲು ನೋಡಿ, ಇನ್ನು ಮಾತಾಡಬಹುದು, ಮೆಲ್ಲಗೆ ಶುರುಮಾಡಿ ಎಂದರು. ಸುದ್ದಿ ಅವನಿಗಿಂತ ಮೊದಲು ಪಬ್ಬು ಮುಟ್ಟಿತ್ತು. ಅವನು ಒಳಗೆ ಕಾಲಿಟ್ಟಾಗ ಗ್ಲಾಸಿನ ಸದ್ದೂ ನಿಂತಿತಂತೆ. ಲ್ಯಾಂಟಿ ನೇರವಾಗಿ ನೆಡ್ ಕೋಟ್ಸನ ಮುಂದೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದ: "ಅದು ಮೇಕೆ ಅಲ್ಲ."

ಪಬ್ಬಿನ ಸೂರು ಹಾರಿಹೋಗುವಂತೆ ಎಲ್ಲರೂ ನಕ್ಕರಂತೆ.

ಇನ್ನು ಅವನು ಸಭೆಗೆ ಬರುವುದಿಲ್ಲ, ಮತ್ತೆ ಗೋಡೆಯ ಹತ್ತಿರವೇ ಎಂದುಕೊಂಡಿದ್ದೆವು. ಭಾನುವಾರ ಡಾರ್ಕಸಳ ಹಿಂದೆಯೇ ಒಳಗೆ ಬಂದ. ನಾನು ಹುಬ್ಬೇರಿಸಿದೆ. "ಹೊರಗೆ ಚಳಿ" ಎಂದಷ್ಟೇ ಹೇಳಿ ಕೂತ. ಆ ಒಂದು ಗಂಟೆ, ಮಾತಾಡಬಲ್ಲ ಲ್ಯಾಂಟಿ ಮಾತಾಡದೆ ಕೂತ. ಆಮೇಲೆ ಟೀ ಹೊತ್ತಿನಲ್ಲಿ ಎರಡು ತಿಂಗಳ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಿದ. ಮೊದಮೊದಲು ಮೌನದಲ್ಲಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಹರಾಜು ಹಾಕುತ್ತಿದ್ದನಂತೆ; ನನ್ನನ್ನು 'ಹಲ್ಲು ಗಟ್ಟಿ, ಚಳಿಗಾಲ ತಡೆಯುವ ತಳಿ' ಎಂದು ಕೂಗಿದ್ದನಂತೆ. ಆಮೇಲೆ ಒಂದು ದಿನ ಒಳಗಿನ ಆ ಕೂಗು ತಾನಾಗಿಯೇ ಸೋತು ಕೂತಿತಂತೆ. "ಸಂತೆ ಮುಗಿದು ಎಲ್ರೂ ಹೋದ್ಮೇಲೆ ಖಾಲಿ ದೊಡ್ಡಿ ಇರುತ್ತಲ್ಲ ನವೋಮಿ, ಹಂಗೆ. ಮೊದ್ಲು ಭಯ ಆಯ್ತು. ಆಮೇಲೆ ನೋಡ್ತೀನಿ, ಬೆಳಕು ಚೆನ್ನಾಗಿದೆ."

ಟೈಟಸ್ ಮತ್ತು ಮೇಬಲ್ ಮೇ ತಿಂಗಳಲ್ಲಿ ಮದುವೆಯಾಗುವುದೆಂದು ತೀರ್ಮಾನವಾಯಿತು. ಆದರೆ ನಮ್ಮಲ್ಲಿ ಮದುವೆ ಮಾಡಿಸುವ ಪಾದ್ರಿಯಿಲ್ಲ. 'ನಾನು ಹೇಳಿದಂತೆ ಹೇಳು' ಎಂದು ಬಿಡಿ ಬಿಡಿಯಾಗಿ ಹೇಳಿಕೊಡುವವರಿಲ್ಲ. ಮೌನದ ನಡುವೆ ಗಂಡು ಹೆಣ್ಣು ತಾವೇ ಎದ್ದು, ಕೈಹಿಡಿದು, ಎಲ್ಲರೆದುರು ತಮ್ಮ ಬಾಯಿಂದಲೇ ಮಾತು ಕೊಡಬೇಕು. ಟೈಟಸ್ ಊಟ ಬಿಟ್ಟ. ಏಮೋಸ್ ಅವನ ಬೆನ್ನು ಸವರಿ, "ಇಷ್ಟೇ ಹೊತ್ತಲ್ಲಿ ಹೇಳ್ಬೇಕು ಅಂತ ಎಲ್ಲೂ ಇಲ್ಲಪ್ಪ. ನಾನು ಊಟ ಮಾಡ್ಕೊಂಡೇ ಬಂದಿರ್ತೀನಿ" ಎಂದ.

ಟೈಟಸ್ ಲ್ಯಾಂಟಿಯ ಹತ್ತಿರವೂ ಹೋದ. "ಭಾವ, ಒಂದೇ ಉ... ಉಪಕಾರ. ನಾನು ಸಿಕ್ಕಿಹಾಕ್ಕೊಂಡ್ರೆ... ಮು... ಮುಗಿಸ್ಬೇಡ."

ಲ್ಯಾಂಟಿ ಮಾತು ಕೊಟ್ಟ. ಅಷ್ಟೇ ಅಲ್ಲ, ಮುಂದಿನ ಸಂತೆಯಲ್ಲಿ ಕಟಕಟೆಯ ಮೇಲಿಂದ ಸಾರಿದ: "ಟೈಟಸನ ಮದುವೆಗೆ ಬರೋರೆಲ್ಲ ಕೇಳ್ಕೊಳ್ಳಿ! ಯಾವನಾದ್ರೂ ಕಿಸಕ್ ಅಂದ್ರೆ, ಯಾವನಾದ್ರೂ ಮಾತು ಎತ್ತಿಕೊಟ್ರೆ, ಅವನ ಕುರಿ ಈ ಜನ್ಮದಲ್ಲಿ ನನ್ನ ಬಾಯಿಂದ ಹೊಗಳಿಕೆ ಕೇಳಲ್ಲ!"

ಮದುವೆಯ ದಿನ ಸಭಾಮನೆ ತುಂಬಿ, ಹೊರಗಿನ ಗೋಡೆಯ ಮೇಲೂ ಜನ. ಕುರಿ ಸಂತೆಯ ಗಂಡಸರೆಲ್ಲ ಕಾಲರು ಬಿಗಿದುಕೊಂಡು, ದೊಡ್ಡ ಕೈಗಳನ್ನು ಮಂಡಿಯ ಮೇಲಿಟ್ಟು ಕೂತಿದ್ದರು. ಟೈಟಸ್ ಎದ್ದ, ಮೇಬಲ್ ಎದ್ದಳು. "ಸ್ನೇಹಿತರೇ," ಎಂದ, ತೊದಲಲಿಲ್ಲ. "ಈ ನನ್ನ ಗೆಳತಿ ಮೇ... ಮೇ..."

ಅವಳ ಹೆಸರಿಗೇ ಸಿಕ್ಕಿಹಾಕಿಕೊಂಡ.

ಕಾದೆವು. ಅವನ ಹಣೆಯಲ್ಲಿ ಬೆವರು. ಸಂತೆಯವರ ತುಟಿಗಳೆಲ್ಲ ಮೇ, ಮೇ ಎಂದು ಅಲುಗುತ್ತಿದ್ದವು, ಸದ್ದು ಮಾತ್ರ ಇಲ್ಲ. ಮೇಬಲ್ಲಿಗೆ ಅವಸರವೇ ಇರಲಿಲ್ಲ. ಬಿಸಿಲು ಕಾಯಿಸಲು ನಿಂತವಳಂತೆ ಅವನ ಕೈಹಿಡಿದು ಅವನನ್ನೇ ನೋಡುತ್ತಿದ್ದಳು. ನಾನು ಲ್ಯಾಂಟಿಯ ಕಡೆ ನೋಡಿದೆ. ಮುಂದಿನ ಬೆಂಚನ್ನು ಬೆರಳು ಬೆಳ್ಳಗಾಗುವಂತೆ ಹಿಡಿದಿದ್ದ. ಆದರೆ ಅವನ ಮುಖದಲ್ಲಿ ಒದ್ದಾಟವಿರಲಿಲ್ಲ. ಕೇಳುತ್ತಿದ್ದ. ಆ ಹೆಸರು ಬರುವ ದಾರಿಯನ್ನೇ ಕಿವಿಯಿಂದ ನೋಡುತ್ತಿದ್ದ.

"...ಮೇಬಲಳನ್ನು," ಎಂದ ಟೈಟಸ್. ಅಲ್ಲಿಂದ ಕೊನೆಯ ತನಕ, ಇಬ್ಬರೂ ಬದುಕಿರುವವರೆಗೂ ಪ್ರೀತಿಯಿಂದ, ನಿಷ್ಠೆಯಿಂದ ಇರುತ್ತೇನೆ ಎನ್ನುವ ತನಕ, ಎಲ್ಲಿ ತಡೆಯಿತೋ ಅಲ್ಲಿ ನಿಂತು, ಎಲ್ಲಿ ಬಂತೋ ಅಲ್ಲಿ ಹೊರಟು, ಪೂರ್ತಿ ಹೇಳಿದ.

ಮೇಬಲಳ ಸರದಿ ಬಂತು. ದಿನವಿಡೀ ಜನರೊಡನೆ ಮಾತಾಡುವ ಹೆಣ್ಣು ಅರ್ಧ ವಾಕ್ಯಕ್ಕೇ ನಿಂತುಬಿಟ್ಟಳು. ಟೈಟಸ್ ಕಾದ. ಕಾಯುವುದರಲ್ಲಿ ಅವನಷ್ಟು ನುರಿತವರು ಯಾರು?

ಇಬ್ಬರೂ ಕೂತ ಮೇಲೆ ಮತ್ತೆ ಮೌನ. ಅದರ ನಡುವೆ ಬೆಂಚು ಕಿರ್ರೆಂದಿತು. ಎದ್ದವನು ಪಬ್ಬಿನ ನೆಡ್ ಕೋಟ್ಸ್! "ಟೈಟಸನ ಜೊತೆ ಸ್ಕೂಲಿಗೆ ಹೋದೋನು ನಾನು," ಎಂದು ಟೋಪಿ ಹಿಸುಕುತ್ತ ಹೇಳಿದ, "ಅವನ ದನಿ ಇಷ್ಟು ಚೆನ್ನಾಗಿದೆ ಅಂತ ಗೊತ್ತಿರ್ಲಿಲ್ಲ." ಕೂತ. ಅವನ ಹೆಂಡತಿ ಅವನನ್ನು ಹೊಸಬನಂತೆ ನೋಡಿದಳು.

ಬಾಗಿಲ ಹೊರಗೆ ಬಂದದ್ದೇ ತಡ, ಲ್ಯಾಂಟಿ ಬಾಯಿ ತೆರೆದ. ಕೇಕು ಕತ್ತರಿಸುವಾಗ, ಪಟ ತೆಗೆಯುವಾಗ, ಗಂಡು ಹೆಣ್ಣು ಪುಸ್ತಕದ ವ್ಯಾನು ಹತ್ತುವಾಗ, ಯಾವಾಗಲೂ ಅವನದೇ ದನಿ. ಯಾರಿಗೂ ಬೇಸರವಾಗಲಿಲ್ಲ.

ಇದಾಗಿ ಒಂಬತ್ತು ವರ್ಷವಾಯಿತು. ಏಮೋಸ್ ಈಗಿಲ್ಲ, ಕೈಕುಲುಕಿ ಸಭೆ ಮುಗಿಸುವ ಕೆಲಸ ಟೈಟಸನದು. ಸಂತೆಯಲ್ಲಿ ಲ್ಯಾಂಟಿಯ ಹರಾಜು ಮೊದಲಿಗಿಂತ ನಿಧಾನವಂತೆ. ಅಂಜುಬುರುಕ ರೈತನೊಬ್ಬ ತಲೆ ಆಡಿಸಲೋ ಬೇಡವೋ ಎನ್ನುತ್ತಿದ್ದರೆ ಸುತ್ತಿಗೆ ಎತ್ತಿ ಹಿಡಿದು ಕಾಯುತ್ತಾನಂತೆ. ಊಟಕ್ಕೆ ತಡವಾಗುತ್ತದೆ ಎಂದು ಕೆಲವರು ಗೊಣಗುತ್ತಾರೆ.

ಇಷ್ಟು ವರ್ಷದಲ್ಲಿ ಸಭೆಯಲ್ಲಿ ಅವನು ಒಮ್ಮೆಯೂ ಎದ್ದು ಮಾತಾಡಿಲ್ಲ. ಹೋದ ಭಾನುವಾರ ಟೀ ಕೊಡುತ್ತ, ಯಾಕಪ್ಪ ಎಂದು ಕೇಳಿದೆ.

"ಇನ್ನೂ ಬಂದಿಲ್ಲ ನವೋಮಿ," ಎಂದ. "ಬಂದಿದ್ದೆಲ್ಲ ಟೀ ಹೊತ್ತಲ್ಲಿ ಆಡೋ ಮಾತು." ಕೇಕಿನ ದೊಡ್ಡ ತುಂಡನ್ನೇ ಆರಿಸಿಕೊಂಡು, ಕುರ್ಚಿ ಎಳೆದು ಕೂತು, ಅವೆಲ್ಲವನ್ನೂ ಆಡತೊಡಗಿದ.